ಯಾವ ವರಹ?

ನಲವತ್ತು ಸಾವಿರ ವರಹ ಎಲ್ಲಿ ಹೋಯಿತು ಎಂದು ಹುಡುಕುತ್ತ ನಾನು ಮೂರು ವಾರ ಕಳೆದೆ. ಕದ್ದವರು ಯಾರೂ ಇಲ್ಲ. ಹಣವೂ ಇನ್ನೂರು ವರ್ಷದ ಹಿಂದಿನದು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಜೂನ್ 22ರಂದು ಈಸ್ಟ್ ಇಂಡಿಯಾ ಕುಂಪಣಿಯೂ ಹೈದರಾಬಾದಿನ ನಿಜಾಮನೂ ಗೆದ್ದ ಸೀಮೆಯ ಪಾಲುಪಟ್ಟಿ ಬರೆದುಕೊಂಡರು. ಹೈದರ್ ಮತ್ತು ಟಿಪ್ಪುವಿನ ಕುಟುಂಬದವರ ಜೀವನಾಂಶಕ್ಕೆಂದು ಅದರಲ್ಲಿ ಒಂದು ಮೊತ್ತ ಎತ್ತಿಟ್ಟಿದೆ. ಒಪ್ಪಂದದ ಕಲಮಿನಿಂದ ನಾನು ಬರೆದುಕೊಂಡಿದ್ದು ವರ್ಷಕ್ಕೆ 2,00,000 ವರಹ. ಅದಕ್ಕೆ ಲಗತ್ತಿಸಿದ ಪಟ್ಟಿಯಿಂದ ಬರೆದುಕೊಂಡಿದ್ದು 2,40,000. ಎರಡೂ ನನ್ನದೇ ಕೈಬರಹ, ಎರಡೂ ಒಂದೇ ದಿನ ಬರೆದದ್ದು.

ಈ ಲೆಕ್ಕಕ್ಕೆ ನಾನು ಕೈಹಾಕಿದ್ದು ಒಂದು ಹೊಳೆಯ ದೆಸೆಯಿಂದ. ನಮ್ಮ ತಾಯಿಯ ತವರು ಕೊಪ್ಪಳದ ಕಡೆ. ಅಲ್ಲಿಗೂ ಹೊಸಪೇಟೆಗೂ ನಡುವೆ ತುಂಗಭದ್ರೆ. 1948ರವರೆಗೆ ಈಚೆ ದಂಡೆ ನಿಜಾಮರದು, ಆಚೆ ದಂಡೆ ಮದ್ರಾಸಿನದು. ಅಣೆಕಟ್ಟಿಗೂ ಎರಡು ಅಡಿಗಲ್ಲು: 1945ರ ಫೆಬ್ರವರಿ 28ರಂದು ಎಡದಂಡೆಯಲ್ಲಿ ಬೇರಾರಿನ ಯುವರಾಜರು, ಬಲದಂಡೆಯಲ್ಲಿ ಮದ್ರಾಸಿನ ಗವರ್ನರ್ ಆರ್ಥರ್ ಹೋಪ್. ಎರಡು ದಂಡೆಯ ಮಾತು ಒಂದೇ, ಜಾತ್ರೆ ಒಂದೇ, ಬೀಗತನವೂ ಅಲ್ಲಲ್ಲೇ. ಹಾಗಿದ್ದ ಮೇಲೆ ಸರ್ಕಾರ ಯಾಕೆ ಎರಡು ಎಂದು ಕೇಳಿದರೆ ದೊಡ್ಡವರು ಹೇಳುತ್ತಿದ್ದದ್ದು ಒಂದೇ ಸಾಲು: ಟಿಪ್ಪುವನ್ನು ಸೋಲಿಸಿದವರು ಹಂಚಿಕೊಂಡರು. ಮಾತು ಸುಳ್ಳಲ್ಲ. ಆದರೆ ಯಾರು ಏನು ಹಾಕಿದರು, ಯಾರು ಏನು ತೆಗೆದುಕೊಂಡರು, ತೆಗೆದುಕೊಂಡದ್ದು ಎಷ್ಟು ದಿನ ಉಳಿಯಿತು ಎಂಬುದು ಆ ಒಂದು ಸಾಲಿನಲ್ಲಿ ಸಿಗುವುದಿಲ್ಲ.

ಟಿಪ್ಪುವಿನ ವಿರುದ್ಧ ಮೂರು ಪಾಲುದಾರರು ಮೊದಲು ಸೇರಿದ್ದು 1790ರಲ್ಲಿ. ಜೂನ್ 1ಕ್ಕೆ ಪುಣೆಯಲ್ಲಿ ಪೇಶ್ವೆಯ ಜೊತೆ, ಜುಲೈ 4ಕ್ಕೆ ಪಾನಗಲ್‌ನಲ್ಲಿ ನಿಜಾಮನ ಜೊತೆ ಕುಂಪಣಿ ಒಪ್ಪಂದ ಮಾಡಿಕೊಂಡಿತು. ಏಚಿಸನ್ನನ ಒಪ್ಪಂದಗಳ ಸಂಪುಟದಲ್ಲಿ ಎರಡೂ ಇವೆ. ಗೆದ್ದದ್ದರಲ್ಲಿ ಮೂವರಿಗೂ ಸಮಪಾಲು ಎಂಬುದು ಮುಖ್ಯ ಷರತ್ತು. ಅದರ ಬಾಲದಲ್ಲಿ ಒಂದು ಉಪಷರತ್ತು: ಉಳಿದವರು ಯುದ್ಧಕ್ಕೆ ಇಳಿಯುವ ಮೊದಲೇ ಕುಂಪಣಿ ಗೆದ್ದುಕೊಂಡ ನೆಲದಲ್ಲಿ ಅವರಿಗೆ ಪಾಲಿಲ್ಲ. ಕೂಡಿ ಬಾಳುವ ಮಾತಿನೊಳಗೇ ತಡವಾಗಿ ಬರುವವನ ಬಗ್ಗೆ ಗುಮಾನಿ ಕೂತಿದೆ. ಪಾಲು ಸಮ ಎಂದಿದೆಯೇ ಹೊರತು ದುಡಿಮೆ ಸಮ ಎಂದಿಲ್ಲ. ಕುಂಪಣಿ ಕೇಳಿದರೆ 10,000 ಕುದುರೆ ಸವಾರರನ್ನು ಕಳಿಸಬೇಕು, ಅವರ ಖರ್ಚು ಕುಂಪಣಿಯದು ಎಂಬ ಮಾತೂ ಇದೆ. ಬಾಡಿಗೆ ಕೊಟ್ಟು ತಂದ ಕುದುರೆ ಯಾರ ಕಾಣಿಕೆ? ಕಳಿಸಿದವನದೋ, ಖರ್ಚು ಕೊಟ್ಟವನದೋ? ಮೊದಲ ವಾರವೇ ಈ ಪ್ರಶ್ನೆ ಎದುರಾಯಿತು. ಕೊನೆಯವರೆಗೂ ಅದು ಬೆನ್ನು ಬಿಡಲಿಲ್ಲ.

ದುಡಿಮೆಯನ್ನು ಅಳೆಯಲು ಧಾರವಾಡದ ಮುತ್ತಿಗೆಯನ್ನು ಹಿಡಿದೆ. 1790ರ ಮಳೆಗಾಲ ಮುಗಿಯುವ ಹೊತ್ತಿಗೆ ಪೇಶ್ವೆಯ ಸೇನಾಪತಿ ಪರಶುರಾಮ ಭಾವು ಪಟವರ್ಧನ ಕೋಟೆಯನ್ನು ಸುತ್ತಿದ. ಮುಂಬಯಿಯಿಂದ ಬಂದ ಕ್ಯಾಪ್ಟನ್ ಲಿಟಲ್‌ನ ತುಕಡಿ ಅವನ ಜೊತೆಗಿತ್ತು. ಒಳಗೆ ಟಿಪ್ಪುವಿನ ಬದ್ರುಜ್ಜಮಾನ್ ಖಾನ್. ಕೋಟೆ ಬಿದ್ದದ್ದು 1791ರ ಏಪ್ರಿಲ್ ಆರಂಭದಲ್ಲಿ. ಆರು ತಿಂಗಳಿಗೂ ಮೇಲಾಯಿತು. ಲಿಟಲ್‌ನ ತುಕಡಿಯಲ್ಲಿದ್ದ ಎಡ್ವರ್ಡ್ ಮೂರ್ 1794ರಲ್ಲಿ ಪ್ರಕಟಿಸಿದ ಪುಸ್ತಕ ಈ ಮುತ್ತಿಗೆಯ ಬಗ್ಗೆ ಎಲ್ಲರೂ ಎತ್ತಿಕೊಳ್ಳುವ ಆಕರ. ಮರಾಠರು ತೋಪಿಗೆ ಮದ್ದು ತುಂಬಿ, ಸುತ್ತ ಕೂತು ಅರ್ಧ ಗಂಟೆ ಹರಟೆ ಹೊಡೆದು, ಹೊಗೆ ಸೇದಿ, ಆಮೇಲೆ ಒಂದು ಗುಂಡು ಹಾರಿಸುತ್ತಿದ್ದರು. ನಡು ಮಧ್ಯಾಹ್ನ ಕೋಟೆಯವರೂ ಹೊರಗಿನವರೂ ಒಪ್ಪಿಕೊಂಡಂತೆ ಗುಂಡು ನಿಲ್ಲಿಸುತ್ತಿದ್ದರು ಎಂದು ಅವನು ಬರೆಯುತ್ತಾನೆ. ಎಷ್ಟು ಚೆಂದದ ಚಿತ್ರವೆಂದರೆ, ಅನಂತರ ಬರೆದವರು ಇದನ್ನೇ ಮರಾಠರ ಕಾಣಿಕೆಯ ಅಳತೆಗೋಲು ಮಾಡಿಕೊಂಡುಬಿಟ್ಟರು.

ನಾನೂ ಮೊದಲು ನಂಬಿದ್ದೆ. ಆಮೇಲೆ ನಂಬಿಕೆ ಸ್ವಲ್ಪ ಸಡಿಲಾಯಿತು. ಮೂರ್ ಆಗ ಇಪ್ಪತ್ತರ ಹುಡುಗ, ಕೆಳದರ್ಜೆಯ ಅಧಿಕಾರಿ. ಅವನು ಕಣ್ಣಾರೆ ಕಂಡದ್ದು ಒಂದು ತೋಪಿನ ಗುಂಡಿ; ಡೇರೆಯೊಳಗಿನ ಮಾತುಕತೆ ಅವನಿಗೆ ಕೇಳಿರಲಾರದು. ಆ ಡೇರೆಯ ಕಡೆಯ ಕಾಗದಗಳೂ ಉಳಿದಿವೆ. ವಾಸುದೇವಶಾಸ್ತ್ರಿ ಖರೆಯವರು ಪಟವರ್ಧನ ಮನೆತನದ ಪತ್ರಗಳನ್ನು ‘ಐತಿಹಾಸಿಕ ಲೇಖ ಸಂಗ್ರಹ’ದಲ್ಲಿ ಅಚ್ಚು ಹಾಕಿಸಿದ್ದಾರೆ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿದರೆ ಒಂದು ಮಾತು ಸ್ಪಷ್ಟ: ಒಬ್ಬನ ಸೋಮಾರಿತನ ಎಂಬುದು ಇನ್ನೊಬ್ಬನ ಲೆಕ್ಕದಲ್ಲಿ ಸೋಮಾರಿತನವಲ್ಲ. ನನ್ನ ತೀರ್ಮಾನಕ್ಕೆ ಮಾತ್ರ ಇವೆರಡಕ್ಕಿಂತ ತಾರೀಖು ಆಧಾರವಾಯಿತು. ಕುಂಪಣಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆ ಹಿಡಿದದ್ದು 1791ರ ಮಾರ್ಚ್ 21ರಂದು. ಆ ದಿನ ಟಿಪ್ಪುವಿನ ಒಬ್ಬ ನುರಿತ ಸೇನಾಪತಿ ಧಾರವಾಡದೊಳಗೆ ಸಿಕ್ಕಿಹಾಕಿಕೊಂಡಿದ್ದ. ಕೊಪ್ಪಳದ ಕೋಟೆಯನ್ನು ನಿಜಾಮನ ಸೈನ್ಯ ಹಾಗೇ ತಿಂಗಳುಗಟ್ಟಲೆ ಕಟ್ಟಿಹಾಕಿತ್ತು. ಹುಕ್ಕಾ ಸೇದುತ್ತ ಕಾದರೂ ಕಾದದ್ದು ಕಾದದ್ದೇ. ಹುರುಪು ಎಷ್ಟಿತ್ತು ಎಂದು ಅಳೆಯದೆ ಫಲ ಏನಾಯಿತು ಎಂದು ಅಳೆದರೆ ಮೂರ್‌ನ ಚಿತ್ರಕ್ಕೆ ಇರುವ ತೂಕ ಅರ್ಧಕ್ಕೆ ಇಳಿಯುತ್ತದೆ. ಪೂರ್ತಿ ಇಳಿಯುವುದಿಲ್ಲ, ನಿಧಾನ ನಿಧಾನವೇ.

ಅದೇ ವರ್ಷದ ಮೇ ತಿಂಗಳಲ್ಲಿ ತಕ್ಕಡಿ ಇನ್ನೊಂದು ಕಡೆ ವಾಲಿತು. 15ರಂದು ಅರಕೆರೆಯ ಬಳಿ ಕಾಳಗ ಗೆದ್ದರೂ ಕಾರ್ನ್‌ವಾಲಿಸ್‌ನ ಸೈನ್ಯಕ್ಕೆ ತಿನ್ನಲು ಇರಲಿಲ್ಲ, ಎತ್ತುಗಳು ಸಾಯುತ್ತಿದ್ದವು. ಕೋಟೆ ಒಡೆಯುವ ದೊಡ್ಡ ತೋಪುಗಳನ್ನು ತಾನೇ ನಾಶಮಾಡಿ ಅವನು ಹಿಂದಿರುಗಿದ. ಮೇಲುಕೋಟೆಯ ದಾರಿಯಲ್ಲಿ ಕುದುರೆ ದಂಡೊಂದು ಕಾಣಿಸಿತು. ಶತ್ರುಗಳೆಂದು ಗುಂಡು ಹಾರಿಸಲು ಸಜ್ಜಾದರು. ಬಂದವರು ಹರಿಪಂತ ಫಡಕೆ ಮತ್ತು ಪರಶುರಾಮ ಭಾವುವಿನ ಮರಾಠರು. ಅವರು ಅಷ್ಟು ಹತ್ತಿರ ಇದ್ದದ್ದೇ ಕುಂಪಣಿಗೆ ತಿಳಿದಿರಲಿಲ್ಲ, ಟಿಪ್ಪುವಿನ ಸವಾರರು ಓಲೆಕಾರರನ್ನೆಲ್ಲ ನಡುವೆಯೇ ಹಿಡಿಯುತ್ತಿದ್ದರು. ಮರಾಠರ ದಂಡಿನ ಬಜಾರಿನಲ್ಲಿ ಧಾನ್ಯದಿಂದ ಹಿಡಿದು ಕಾಶ್ಮೀರದ ಶಾಲಿನವರೆಗೆ ಎಲ್ಲವೂ ಮಾರಾಟಕ್ಕಿತ್ತು, ಬೆಲೆ ಮಾತ್ರ ಕೇಳುವಂತಿರಲಿಲ್ಲ ಎನ್ನುತ್ತಾನೆ ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್. ಆ ಬಜಾರು ಬರದಿದ್ದರೆ ಕಾರ್ನ್‌ವಾಲಿಸ್‌ನ ಸೈನ್ಯದ ಗತಿ ಏನಾಗುತ್ತಿತ್ತು ಎಂದು ಊಹಿಸುವುದು ಕಷ್ಟವಲ್ಲ. ಮುಂದಿನ ದಂಡಯಾತ್ರೆಗೆ ಕುಂಪಣಿ ಲಂಬಾಣಿಗಳ ಎತ್ತಿನ ಹಿಂಡುಗಳನ್ನು ಒಪ್ಪಂದದ ಮೇಲೆ ಕೂಡಿಸಿಕೊಂಡಿತು. ಗೆಲುವನ್ನು ಹೊತ್ತು ತಂದ ಆ ಎತ್ತುಗಳ ಹೆಸರು ಯಾವ ಪಾಲುಪಟ್ಟಿಯಲ್ಲೂ ಇಲ್ಲ.

ಪಟ್ಟಿಯಲ್ಲಿ ಇಲ್ಲದ್ದು ಇನ್ನೂ ಇದೆ. 1791ರಲ್ಲಿ ಪಟವರ್ಧನರ ಸೈನ್ಯದ ಪಿಂಡಾರಿಗಳು ಶೃಂಗೇರಿ ಮಠವನ್ನು ಕೊಳ್ಳೆ ಹೊಡೆದರು. ಸಂಬಳದ ಬದಲು ಲೂಟಿಯಿಂದ ಬದುಕುವ ಪಡೆ ಎಲ್ಲಿ ಮೇಯುತ್ತದೋ ಅಲ್ಲಿಯವರು ಅದರ ಖರ್ಚು ಕೊಡುತ್ತಾರೆ. ಈ ಸಂಗತಿ ಒಪ್ಪಂದದ ಕಾಗದಗಳನ್ನು ಎಷ್ಟು ತಿರುವಿದರೂ ಸಿಗುವುದಿಲ್ಲ. ಅದು ಬೆಳಕಿಗೆ ಬಂದದ್ದು 1916ರಲ್ಲಿ, ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಮಠದಲ್ಲಿ ಟಿಪ್ಪುವಿನ ಕನ್ನಡ ಪತ್ರಗಳ ಕಟ್ಟನ್ನು ಕಂಡಾಗ. ಸೋತವನು ಬರೆದ ಕಾಗದ, ಅದೂ ಒಂದು ಮಠದ ಪೆಟ್ಟಿಗೆಯಲ್ಲಿ, ನೂರಿಪ್ಪತ್ತೈದು ವರ್ಷ ಸುಮ್ಮನೆ ಕೂತಿತ್ತು.

ಕೊಡಗಿನ ದೊಡ್ಡ ವೀರರಾಜೇಂದ್ರನ ಕಥೆ ಇನ್ನೂ ವಿಚಿತ್ರ. ಮಲಬಾರಿನಿಂದ ಘಟ್ಟ ಹತ್ತಿದ ಮುಂಬಯಿ ಸೈನ್ಯಕ್ಕೆ ದಾರಿ ಬಿಟ್ಟವನು, ಅಕ್ಕಿ ಕೊಟ್ಟವನು, ಎತ್ತು ಕೊಟ್ಟವನು ಅವನು. ಅವನೇ ಬರೆಸಿದ ‘ರಾಜೇಂದ್ರನಾಮೆ’ ಕನ್ನಡದಲ್ಲಿದೆ; ತನ್ನ ಉಪಕಾರವನ್ನು ತಾನೇ ಹೇಳಿಕೊಳ್ಳುವ ಪುಸ್ತಕವಾದ್ದರಿಂದ ಸ್ವಲ್ಪ ಉಪ್ಪು ಕಡಿಮೆ ಮಾಡಿಕೊಂಡು ಓದಬೇಕು. ಆದರೆ ಕುಂಪಣಿಯ ಕಡೆಯವರೂ ಅವನ ನೆರವನ್ನು ಅಲ್ಲಗಳೆಯುವುದಿಲ್ಲ, ಹಾಗಾಗಿ ಈ ವಿಷಯದಲ್ಲಿ ಎರಡೂ ಸಾಕ್ಷಿ ಕೂಡುತ್ತವೆ. 1792ರಲ್ಲಿ ಕೊಡಗು ಕುಂಪಣಿಯ ಪಾಲಿಗೆ ಬಂತು. ಗೆಲ್ಲಲು ನೆರವಾದ ರಾಜ ಗೆದ್ದ ಮೇಲೆ ಕುಂಪಣಿಗೆ ವರ್ಷಕ್ಕೆ 24,000 ರೂಪಾಯಿ ಪೊಗದಿ ಕಟ್ಟುವವನಾದ. 1799ರ ಯುದ್ಧದಲ್ಲೂ ದುಡಿದ ಮೇಲೆ ಅದನ್ನು ಬಿಟ್ಟು, ವರ್ಷಕ್ಕೊಂದು ಆನೆ ಸಾಕು ಎಂದರು.

1792ರ ಮಾರ್ಚ್ 18ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಲೆಕ್ಕವೇನೋ ಸರಿಯಾಗಿಯೇ ಇದೆ. ಟಿಪ್ಪು ಅರ್ಧ ರಾಜ್ಯ ಬಿಡಬೇಕು, 3 ಕೋಟಿ 30 ಲಕ್ಷ ರೂಪಾಯಿ ಕೊಡಬೇಕು, ಕೊಡುವವರೆಗೆ ಇಬ್ಬರು ಮಕ್ಕಳು ಒತ್ತೆ. ನೆಲದ ಪಾಲು ತಲಾ 39½ ಲಕ್ಷ ರೂಪಾಯಿ ಹುಟ್ಟುವಳಿಯದು. ಆದರೆ ನೆಲವನ್ನು ಅಳೆದದ್ದು ಮೊಳದಿಂದಲ್ಲ, ಕಂದಾಯದ ಅಂಕಿಯಿಂದ. ಅಂಕಿ ಕೊಟ್ಟವರು ಟಿಪ್ಪುವಿನ ಕಡೆಯವರು. ಬಿಟ್ಟುಕೊಡುವ ತಾಲೂಕಿನ ಹುಟ್ಟುವಳಿಯನ್ನು ಹೆಚ್ಚಿಗೆ ಬರೆದಷ್ಟೂ ಬಿಡಬೇಕಾದ ನೆಲ ಕಡಿಮೆಯಾಗುತ್ತದೆ ಎಂಬುದು ಯಾವ ಶಾನುಭೋಗನಿಗೂ ಹೊಳೆಯುವ ವಿಷಯ. ಹೀಗಾಗಿ ಈ ಪಟ್ಟಿಯನ್ನು ನಾನು ಕಂದಾಯದ ದಾಖಲೆ ಎಂದು ಓದದೆ ಚೌಕಾಸಿಯ ದಾಖಲೆ ಎಂದು ಓದುತ್ತೇನೆ. ಅಂಕಿ ಸಮವಾದರೂ ಜಾಗ ಸಮವಲ್ಲ. ನಿಜಾಮನಿಗೆ ಕಡಪ, ಕೊಪ್ಪಳದ ಕಡೆ, ಪೇಶ್ವೆಗೆ ತುಂಗಭದ್ರೆಯವರೆಗೆ, ಕುಂಪಣಿಗೆ ಮಲಬಾರು, ಕೊಡಗು, ಬಾರಾಮಹಲು, ದಿಂಡಿಗಲ್ಲು, ಅಂದರೆ ಮೈಸೂರಿಗೆ ಹತ್ತುವ ಘಟ್ಟದ ಬಾಗಿಲುಗಳು. ಮೂರೇ ವರ್ಷಕ್ಕೆ, 1795ರ ಮಾರ್ಚಿನಲ್ಲಿ, ಇಬ್ಬರು ಪಾಲುದಾರರು ಖರ್ಡಾದಲ್ಲಿ ತಮ್ಮತಮ್ಮಲ್ಲೇ ಕಾದಾಡಿದರು. ನಿಜಾಮ ಸೋತ. ಕುಂಪಣಿ ನೋಡುತ್ತ ನಿಂತಿತು.

ಇಷ್ಟಾದ ಮೇಲೆ 1799. ಮರಾಠರು ಈ ಸಲ ಬರಲಿಲ್ಲ. ನಿಜಾಮನ ಸೈನ್ಯ ಬಂತು. ಆದರೆ ಅದನ್ನು ಎಣಿಸಹೊರಟರೆ ನನ್ನ ಹಳೆಯ ಪ್ರಶ್ನೆ ಮತ್ತೆ ಎದ್ದು ನಿಲ್ಲುತ್ತದೆ. 1798ರ ಸೆಪ್ಟೆಂಬರ್ 1ರ ಒಪ್ಪಂದದ ಪ್ರಕಾರ ನಿಜಾಮ ವರ್ಷಕ್ಕೆ 24,17,100 ರೂಪಾಯಿ ಕೊಟ್ಟು ಕುಂಪಣಿಯ ಆರು ಸಾವಿರ ಸಿಪಾಯಿಗಳನ್ನು ಹೈದರಾಬಾದಿನಲ್ಲಿ ಇಟ್ಟುಕೊಂಡಿದ್ದ. ಶ್ರೀರಂಗಪಟ್ಟಣಕ್ಕೆ ಬಂದ ‘ನಿಜಾಮನ ದಂಡಿ’ನ ಗಟ್ಟಿ ಭಾಗ ಆ ಸಿಪಾಯಿಗಳೇ, ಆ ದಂಡಿನ ಜೊತೆ ಆರ್ಥರ್ ವೆಲ್ಲೆಸ್ಲಿಯ 33ನೇ ರೆಜಿಮೆಂಟನ್ನೂ ಸೇರಿಸಿದ್ದರು. ಕುಂಪಣಿಯ ಇತಿಹಾಸಕಾರರ ಕಣ್ಣಿಗೆ ಅದು ಕುಂಪಣಿಯ ಸೈನ್ಯ. ಖಜಾನೆ ನೋಡಿದರೆ ನಿಜಾಮನದು. ಸಮವಸ್ತ್ರ ನೋಡುವುದೋ, ಸಂಬಳದ ಪಟ್ಟಿ ನೋಡುವುದೋ? ನಾನು ಸಂಬಳದ ಪಟ್ಟಿಯ ಪಕ್ಷ. ಆದರೂ ಇದು ಪಕ್ಷವೇ, ಪುರಾವೆಯಲ್ಲ.

ಪಾಲುಪಟ್ಟಿಗೆ ಬಂದೆ. ಕುಂಪಣಿಗೆ 7,77,170 ವರಹದ ಸೀಮೆ. ಅದರಲ್ಲಿ ಕುಟುಂಬದವರ ಜೀವನಾಂಶ ಕಳೆದರೆ ಉಳಿಯುವುದು 5,37,170. ನಿಜಾಮನಿಗೆ 6,07,332, ಅದರಲ್ಲಿ ಟಿಪ್ಪುವಿನ ಸೇನಾಪತಿಯಾಗಿದ್ದ ಮೀರ್ ಕಮರುದ್ದೀನ್‌ನ ಜಹಗೀರಿಗೆ 70,000 ಕಳೆದರೆ 5,37,332. ವ್ಯತ್ಯಾಸ ಬರೀ 162 ವರಹ, ಅದೂ ನಿಜಾಮನ ಪರವಾಗಿ! ಇಷ್ಟು ನಾಜೂಕಾಗಿ ಸಮ ಮಾಡಿದವರು ಕಲಮಿಗೂ ಪಟ್ಟಿಗೂ ನಡುವೆ 40,000 ಬಿಟ್ಟಾರೆಯೇ? ಮುದ್ರಣದೋಷ ಎಂದುಕೊಂಡು ಬೇರೆ ಮುದ್ರಣ ನೋಡಿದೆ. ದೋಷವಿಲ್ಲ. ಯಾವುದೋ ಉಪಕಲಮಿನಲ್ಲಿ 40,000 ಅಡಗಿರಬಹುದೆಂದು ಹುಡುಕಿದೆ. ಇಲ್ಲ. ಪೂರ್ಣಯ್ಯನವರ ಕಾಲದ ವರದಿಗಳತ್ತ ಓಡಿದೆ. ಅದು ಪೂರ್ತಿ ಅಡ್ಡದಾರಿ.

ಉತ್ತರ ಸಿಕ್ಕಿದ್ದು ಗ್ರಂಥಾಲಯದಲ್ಲಲ್ಲ. ಮನೆಯಲ್ಲಿ ಹಳೆಯ ಜಮೀನು ಖರೀದಿಯ ಮಾತು ಬಂದಾಗ ತೀರಿಹೋದ ಅಜ್ಜಿಯ ಒಂದು ರೂಢಿ ನೆನಪಾಯಿತು. ಯಾರು ಯಾವ ಹಳೆಯ ಬೆಲೆ ಹೇಳಿದರೂ ಅವಳು ತಕ್ಷಣ ಕೇಳುತ್ತಿದ್ದಳು: “ಯಾವ ರೂಪಾಯಿ? ಹಾಲಿ ಏನು, ಕಲ್ದಾರ?” ನಿಜಾಮರ ಹಾಲಿ ಸಿಕ್ಕಾ ಒಂದು, ಹೊಳೆಯಾಚೆಯ ಬ್ರಿಟಿಷ್ ಕಲ್ದಾರು ಇನ್ನೊಂದು, ಕಲ್ದಾರಿಗೆ ಬೆಲೆ ಹೆಚ್ಚು. ಕರೋಡಗಿರಿ ನಾಕೆ, ಅಂದರೆ ಸುಂಕದ ಕಟ್ಟೆ, ದಾಟಿ ಸಂತೆಗೆ ಹೋಗಿಬಂದವರಿಗೆ ಈ ಪ್ರಶ್ನೆ ಕೇಳದೆ ವ್ಯಾಪಾರವೇ ಇಲ್ಲ. ನಾನು ಮಾತ್ರ ವರಹ ಎಂದರೆ ವರಹ ಎಂದುಕೊಂಡಿದ್ದೆ.

ಮರುದಿನ ಮೂಲ ತೆರೆದು ನೋಡಿದರೆ ಕಲಮಿನಲ್ಲಿ ಇದ್ದದ್ದು ಬರೀ ವರಹವಲ್ಲ, ಸ್ಟಾರ್ ಪಗೋಡ: ಹಿಂಬದಿಯಲ್ಲಿ ನಕ್ಷತ್ರದ ಗುರುತಿದ್ದ ಮದ್ರಾಸಿನ ವರಹ. ಆ ವಿಶೇಷಣವನ್ನು ಬರೆದುಕೊಳ್ಳುವಾಗ ಬಿಟ್ಟವನು ನಾನೇ. ಪಟ್ಟಿಯದು ಕಂಠೀರಾಯಿ ವರಹ. ಕಂಠೀರವ ನರಸರಾಜ ಒಡೆಯರ ಹೆಸರಿನ ಹತ್ತು ಹಣಕ್ಕೆ ಒಂದು. ಲೆಕ್ಕದ ಪುಸ್ತಕದಲ್ಲಿ ಮಾತ್ರ ಇದ್ದ ವರಹ, ಕೈಗೆ ಸಿಗುವ ನಾಣ್ಯವಲ್ಲ. ಮದ್ರಾಸಿನದಕ್ಕೆ ಮೂರೂವರೆ ರೂಪಾಯಿ. ಕಂಠೀರಾಯಿಗೆ 2 ರೂಪಾಯಿ 14 ಆಣೆ 8 ಪೈ. ಭಾಗಿಸಿದರೆ ಸರಿಯಾಗಿ 1.2. ಮದ್ರಾಸಿನ 2 ಲಕ್ಷ, ಕಂಠೀರಾಯಿಯಲ್ಲಿ 2,40,000. ಒಂದು ಕಾಸೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಓದುವ ಕೋಣೆಯಲ್ಲಿ ಒಬ್ಬನೇ ನಕ್ಕಿದ್ದಕ್ಕೆ ಎದುರಿನವರು ತಲೆಯೆತ್ತಿ ನೋಡಿದರು.

ನಗು ನಿಂತದ್ದು ಇದೇ ಬೀಗದ ಕೈಯನ್ನು ಇನ್ನೊಂದು ಕಾಗದಕ್ಕೆ ಹಾಕಿದಾಗ. ಪಾಲುಪಟ್ಟಿಯಾಗಿ ಹದಿನಾರು ದಿನಕ್ಕೆ, ಜುಲೈ 8ರಂದು, ಕುಂಪಣಿ ಎಳೆಯ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಮೈಸೂರಿನ ಜೊತೆ ಇನ್ನೊಂದು ಒಪ್ಪಂದ ಮಾಡಿಕೊಂಡಿತು. ಇದರಲ್ಲಿ ನಿಜಾಮನಿಲ್ಲ. ಸೈನ್ಯದ ಖರ್ಚಿಗೆಂದು ಮೈಸೂರು ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ ಕೊಡಬೇಕು. ಕಂಠೀರಾಯಿಗೆ ತಿರುಗಿಸಿದರೆ 8,40,000. ಪಾಲುಪಟ್ಟಿಯಲ್ಲಿ ಮೈಸೂರಿಗೆ ಬಿಟ್ಟ ಸೀಮೆಯ ಹುಟ್ಟುವಳಿ 13,74,076. ಅದರ ಐದರಲ್ಲಿ ಮೂರು ಪಾಲಿಗೂ ಹೆಚ್ಚು. ಈ 8,40,000ವನ್ನು ಕುಂಪಣಿಯ 5,37,170ಕ್ಕೆ ಕೂಡಿಸಿದರೆ 13,77,170. ಒಂದು ಕಾಗದದಲ್ಲಿ ನಿಜಾಮನಿಗಿಂತ 162 ವರಹ ಕಡಿಮೆ ತೆಗೆದುಕೊಂಡ ಪಾಲುದಾರ, ಎರಡನೆಯ ಕಾಗದ ಸೇರಿದರೆ ಅವನ ಎರಡೂವರೆ ಪಟ್ಟು ತೆಗೆದುಕೊಂಡಂತಾಯಿತು.

ಇದನ್ನು ಹಾಗೇ ಒಪ್ಪಿಕೊಳ್ಳಲು ಎರಡು ತಕರಾರು ನಾನೇ ಎತ್ತಬೇಕು. ಪೊಗದಿ ಬಂದದ್ದು ಸೈನ್ಯ ಸಾಕಲು, ಪೂರ್ತಿ ಲಾಭವಲ್ಲ. ನಿಜ, ಆದರೆ ಹೇಗೂ ಸಾಕಬೇಕಿದ್ದ ಸೈನ್ಯಕ್ಕೆ ಬೇರೆಯವರು ಅನ್ನ ಹಾಕಿದರೆ ಅದೂ ಉಳಿತಾಯ. ಎರಡನೆಯದು, ಪಟ್ಟಿಯ ಅಂಕಿಗಿಂತ ಮೈಸೂರಿನ ವಸೂಲಿ ಹೆಚ್ಚಿಗೆ ಬಂತು. ವಿಲ್ಕ್ಸ್‌ನ 1805ರ ವರದಿ ಅದನ್ನು ತೋರಿಸುತ್ತದೆ. ಹಾಗಾಗಿ ಐದರಲ್ಲಿ ಮೂರು ಎಂಬ ಭಾರ ಕಾಗದದ ಮೇಲಿನ ಭಾರ, ಹೊಲದಲ್ಲಿ ಅಷ್ಟಿರಲಿಲ್ಲ. ‘ಲಾಭ’ ಎಂಬ ಮಾತನ್ನು ನನ್ನ ಟಿಪ್ಪಣಿಯಲ್ಲಿ ಪೆನ್ಸಿಲಿನಿಂದ ಬರೆದಿದ್ದೇನೆ.

ಯುದ್ಧಕ್ಕೆ ಬಾರದ ಪೇಶ್ವೆಗೂ 2,63,957 ವರಹದ ಪಾಲು ಎತ್ತಿಟ್ಟಿದ್ದರು: ಹರಪನಹಳ್ಳಿ, ಸೋಂದೆ, ಆನೆಗೊಂದಿ, ಹೊಳಲ್ಕೆರೆ, ಹರಿಹರ. ಬೇಕಾದರೆ ಷರತ್ತು ಒಪ್ಪಬೇಕು. ಪೇಶ್ವೆ ಒಪ್ಪಲಿಲ್ಲ, ಅದನ್ನೂ ಇಬ್ಬರೇ ಹಂಚಿಕೊಂಡರು. ಹೊಳಲ್ಕೆರೆ, ಮಾಯಕೊಂಡ, ಹರಿಹರಗಳು 1803ರ ಡಿಸೆಂಬರಿನ ಅದಲುಬದಲಿನಲ್ಲಿ ಮೈಸೂರಿಗೆ ಸೇರಿದವು. 1792ರಲ್ಲಿ ಪೇಶ್ವೆಗೆ ದಕ್ಕಿದ್ದ ಧಾರವಾಡದ ಕಡೆ 1818ಕ್ಕೆ ಪೇಶ್ವಾಯಿಯೊಂದಿಗೆ ಕುಂಪಣಿಯ ಕೈಗೆ ಹೋಯಿತು.

ನಿಜಾಮನ ಪಾಲು ಅಷ್ಟು ದಿನವೂ ಬಾಳಲಿಲ್ಲ. 1800ರ ಅಕ್ಟೋಬರ್ 12ರಂದು ಅವನು 1792ರಲ್ಲಿ ಪಡೆದದ್ದನ್ನೂ 1799ರಲ್ಲಿ ಪಡೆದದ್ದನ್ನೂ, ಬಳ್ಳಾರಿ, ಅನಂತಪುರ, ಕಡಪ ಎಲ್ಲವನ್ನೂ, ತನ್ನಲ್ಲಿರುವ ಕುಂಪಣಿ ಸೈನ್ಯದ ಖರ್ಚಿಗೆಂದು ಕುಂಪಣಿಗೇ ಒಪ್ಪಿಸಿದ. ನನ್ನ ಹೊಳೆಯ ಪ್ರಶ್ನೆಗೆ ಉತ್ತರ ಇದ್ದದ್ದು ಈ ಒಪ್ಪಂದದಲ್ಲಿ. ಗಡಿ ನದಿಯ ಗುಂಟ ನೇರವಾಗಿರಲಿ ಎಂದು ಕೊಪ್ಪಳವನ್ನು ನಿಜಾಮನಿಗೆ ಮರಳಿಸಿದರು. ಅದೂ ಬಿಟ್ಟಿಯಲ್ಲ. ಅದಕ್ಕೆ ಪ್ರತಿಯಾಗಿ ತುಂಗಭದ್ರೆಯ ದಕ್ಷಿಣಕ್ಕಿದ್ದ ತನ್ನ ಹಳೆಯ ಸೀಮೆ ಆದವಾನಿಯನ್ನು ಅವನು ಬಿಡಬೇಕಾಯಿತು. ಆರು ತಿಂಗಳು ಮುತ್ತಿಗೆ ಹಾಕಿ ಗೆದ್ದು, ಪಾಲಿನಲ್ಲಿ ಪಡೆದು, ಸಂಬಳಕ್ಕೆ ಕೊಟ್ಟು, ಮತ್ತೆ ಅದಲುಬದಲಿನಲ್ಲಿ ಕೊಂಡ ಊರು ನಮ್ಮ ಅಜ್ಜಿಯದು.

ಕೊಪ್ಪಳಕ್ಕೆ ಎಷ್ಟು ಬೆಲೆ ಕಟ್ಟಿದರು, ಆದವಾನಿಗೆ ಎಷ್ಟು ಎಂಬುದನ್ನು ಈಗ ತೂಗಿ ನೋಡಬೇಕು. ಮುಂದಿನ ವಾರ ನಿಜಾಮ ಹೀಗೆ ಬಿಟ್ಟುಕೊಟ್ಟ ಸೀಮೆಯ, ಅಂದರೆ ಥಾಮಸ್ ಮನ್ರೋನ ಕಾಲದ ದತ್ತ ಮಂಡಲದ ಸಂಪುಟ ಕೇಳಿದ್ದೇನೆ. ಟಿಪ್ಪಣಿ ಪುಸ್ತಕದಲ್ಲಿ ಹೊಸ ಪುಟ ತೆಗೆದು, ಮೊತ್ತ ಬರೆಯುವ ಸಾಲಿಗೆ ಮೊದಲು ಇನ್ನೊಂದು ಸಾಲು ಎಳೆದು ಖಾಲಿ ಬಿಟ್ಟಿದ್ದೇನೆ: ಯಾವ ವರಹ?